ಹೆಕ್ಲಾ ನೋಡಲು ಹೊರಟ ಹೆರ್ದಿಸ್ ಅತ್ತೆ

ನಮ್ಮ ಹೆರ್ದಿಸ್ ಅತ್ತೆಗೂ ಹೆಕ್ಲಾ ಎಂಬ ಜ್ವಾಲಾಮುಖಿ ಬೆಟ್ಟಕ್ಕೂ ಐವತ್ತಮೂರು ವರ್ಷಗಳ ಜಗಳ. ಬೆಟ್ಟಕ್ಕೆ ಅದು ಗೊತ್ತಿತ್ತೋ ಇಲ್ಲವೋ, ಅತ್ತೆಯಂತೂ ಒಂದು ದಿನವೂ ಮರೆತಿರಲಿಲ್ಲ.

ಅವಳು ಹುಟ್ಟಿದ್ದು ಹೆಕ್ಲಾ ಬುಡದ ಸ್ವಾರ್ತಬಕ್ಕಿ ಎಂಬ ಕುರಿ ಸಾಕುವ ಮನೆಯಲ್ಲಿ. ಸಾವಿರದ ಒಂಬೈನೂರ ನಲವತ್ತೇಳರ ಮಾರ್ಚಿನಲ್ಲಿ ಬೆಟ್ಟ ಸಿಡಿದಾಗ ಅವಳಿಗೆ ಹತ್ತೊಂಬತ್ತು. ಆದರೆ ಅವಳು ಮನೆಯಲ್ಲಿರಲಿಲ್ಲ. ಕ್ಷಯರೋಗ ಅಂಟಿ ರಾಜಧಾನಿಯ ಹತ್ತಿರದ ಆಸ್ಪತ್ರೆಯಲ್ಲಿದ್ದಳು. ಕೆಟ್ಟ ಶ್ವಾಸಕೋಶ ಕುಗ್ಗಲೆಂದು ಎಡಗಡೆಯ ಮೂರು ಪಕ್ಕೆಲುಬು ಕತ್ತರಿಸಿ ತೆಗೆದು, ಅಲುಗಾಡಬೇಡ ಎಂದು ಮಲಗಿಸಿದ್ದರು. ಬೆಳಿಗ್ಗೆ ಯಾರೋ "ಹೆಕ್ಲಾ! ಹೆಕ್ಲಾ!" ಎಂದು ಕೂಗಿದರಂತೆ. ನಡೆಯಲು ಬರುವ ರೋಗಿಗಳೆಲ್ಲ ಕಿಟಕಿಗೆ ಮುಗಿಬಿದ್ದರು. ನೂರು ಕಿಲೋಮೀಟರು ದೂರದಲ್ಲಿ ಆಕಾಶಕ್ಕೆ ಎದ್ದ ಹೊಗೆಯ ಕಂಬ ಅವರಿಗೆಲ್ಲ ಕಂಡಿತು. ಅತ್ತೆಗೆ ಕಂಡದ್ದು ಅವರ ಬೆನ್ನುಗಳು.

ಅವಳ ಅಪ್ಪನ, ಎಂದರೆ ನನ್ನ ಅಜ್ಜನ, ಹುಲ್ಲುಗಾವಲು ಮೊಣಕಾಲುದ್ದ ಬೂದಿ ಮತ್ತು ಕಲ್ಲುಚೂರಿನ ಕೆಳಗೆ ಹೋಯಿತು. ಬೂದಿ ಬೆರೆತ ಹುಲ್ಲು ತಿಂದ ಕುರಿಗಳ ಹಲ್ಲು ಸವೆದು, ಮೇಯಲಾಗದೆ ಒಂದೊಂದಾಗಿ ಸತ್ತವು. ಮನೆಯವರು ಬಾಗಿಲು ಹಾಕಿಕೊಂಡು ಊರು ಬಿಟ್ಟು ರಾಜಧಾನಿಗೆ ಬಂದರು. ಒಂದೂವರೆ ವರ್ಷದ ಮೇಲೆ ಆಸ್ಪತ್ರೆಯಿಂದ ಬಿಟ್ಟಾಗ ಅತ್ತೆ ಹೋಗಿದ್ದು ಯಾರದೋ ಕಟ್ಟಡದ ನೆಲಮಾಳಿಗೆಯ ಎರಡು ಕೋಣೆಗೆ. ಅಜ್ಜ ಮೀನು ಒಣಗಿಸುವ ಕೆಲಸಕ್ಕೆ ಸೇರಿದ್ದರು. ಸ್ವಾರ್ತಬಕ್ಕಿಯ ಹೆಸರನ್ನು ಅವರು ಸಾಯುವತನಕ ಮತ್ತೆ ಎತ್ತಲಿಲ್ಲ.

"ನಮ್ಮನ್ನ ಮನೆಯಿಂದ ಎಬ್ಬಿಸಿದವಳ ಮುಖ ನಾನು ನೋಡೇ ಇಲ್ಲ ಕಣೆ" ಎನ್ನುತ್ತಿದ್ದಳು ಅತ್ತೆ. ಹೆಕ್ಲಾ ಅವಳ ಬಾಯಲ್ಲಿ ಯಾವಾಗಲೂ ಹೆಂಗಸೇ. ತಣ್ಣಗಿದ್ದ ಬೆಟ್ಟವನ್ನು ಚಿಕ್ಕಂದಿನಿಂದ ದಿನವೂ ನೋಡಿದ್ದಳು, ಆದರೆ ಮುಖ ಎಂದರೆ ಅವಳಿಗೆ ಬೆಂಕಿ ಕಾರುವ ಮುಖ.

ಆಮೇಲೆ ಆ ಬೆಟ್ಟ ಮತ್ತೆ ಮತ್ತೆ ಸಿಡಿಯಿತು. ಒಮ್ಮೆ ಅತ್ತೆ ದೇಶದ ಇನ್ನೊಂದು ತುದಿಯಲ್ಲಿ ಮೀನಿನ ಕಾರ್ಖಾನೆಯಲ್ಲಿದ್ದಳು, ರಜೆ ಸಿಗಲಿಲ್ಲ. ಇನ್ನೊಮ್ಮೆ ಗಂಡ ಗುನ್‌ಲೌಗುರ್ ಹೋಗುವುದೋ ಬೇಡವೋ ಎಂದು ತೀರ್ಮಾನಿಸುವಷ್ಟರಲ್ಲಿ ಬೆಂಕಿ ಆರಿತ್ತು. ತೊಂಬತ್ತೊಂದರಲ್ಲಿ ಹೆಲ್ಲಾ ಊರಿನವರೆಗೆ ಹೋದರು. ಅಲ್ಲಿ ಮಾವ ಕಾರು ನಿಲ್ಲಿಸಿ, "ಹೊಗೆ ತಾನೆ? ನಮ್ಮನೆ ಚಿಮಣೀಲೂ ಬರುತ್ತೆ" ಎಂದು ತಿರುಗಿಸಿಬಿಟ್ಟರು. ಮಾವ ಒಳ್ಳೆಯ ಮನುಷ್ಯ. ತೀರಿಕೊಂಡಾಗ ಅತ್ತೆ ಬಹಳ ಅತ್ತಳು. ಆ ಒಂದು ಮಾತನ್ನು ಮಾತ್ರ ಕ್ಷಮಿಸಲಿಲ್ಲ.

ಎರಡು ಸಾವಿರದ ಇಸವಿಯ ಹೊತ್ತಿಗೆ ಅವಳಿಗೆ ಎಪ್ಪತ್ತೆರಡು. ಕಣ್ಣಿನ ನಡುಭಾಗ ಮಂಕಾಗಿತ್ತು. ಎದುರಿಗೆ ನಿಂತವರ ಕಿವಿ, ಕೂದಲು, ಭುಜ ಕಾಣುತ್ತಿತ್ತು, ಮುಖವಿರಬೇಕಾದಲ್ಲಿ ಒಂದು ಬೂದು ಮಚ್ಚೆ. ಏನಾದರೂ ನೋಡಬೇಕೆಂದರೆ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಿದ್ದಳು. ಹೆಚ್ಚೆಂದರೆ ಇನ್ನೊಂದು ವರ್ಷ ಎಂದಿದ್ದರು ಡಾಕ್ಟರು.

ನನ್ನ ಹೆಸರು ಸಲ್ವೋರ್. ಆಗ ಮೂವತ್ತಾರು ವರ್ಷ, ಒಂದು ಈಜುಕೊಳದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಉತ್ತರದ ಈ ನಮ್ಮ ದ್ವೀಪದಲ್ಲಿ ಸಣ್ಣವರು ದೊಡ್ಡವರೆನ್ನದೆ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತೇವೆ. ಆದರೆ ನನ್ನಮ್ಮ ಕಾಯಿಲೆ ಬಿದ್ದಾಗ ನಾಲ್ಕು ವರ್ಷ ಸಾಕಿದವಳಾದ್ದರಿಂದ ಹೆರ್ದಿಸ್ ನನಗೆ ಅತ್ತೆಯೇ. ನನ್ನ ಸ್ವಭಾವವನ್ನೂ ಮೊದಲೇ ಹೇಳಿಬಿಡುತ್ತೇನೆ. ಹೇಳಿದ ಮಾತು ಕೇಳುವವಳು ನಾನು. ಯಾರು ಹೇಳಿದರೂ.

ಫೆಬ್ರವರಿ ಕೊನೆಯ ಶನಿವಾರ ಸಂಜೆ ಆರಕ್ಕೆ ರೇಡಿಯೋದಲ್ಲಿ, ಇನ್ನು ಸ್ವಲ್ಪ ಹೊತ್ತಿನಲ್ಲಿ ಹೆಕ್ಲಾ ಸಿಡಿಯಲಿದೆ ಎಂದರು. ಅವರು ಹೇಳಿ ಮುಗಿಸಿದ್ದೇ ತಡ, ಸಿಡಿದೇಬಿಟ್ಟಿತು. ನನ್ನ ಫೋನು ಹೊಡೆದುಕೊಂಡಿತು.

"ಸಲ್ವೋರ್, ಕಾರಿಗೆ ಪೆಟ್ರೋಲ್ ಇದೆಯಾ?"

"ಅರ್ಧ ಟ್ಯಾಂಕ್ ಇದೆ ಅತ್ತೆ. ಆದ್ರೆ ನಾಳೆ ಹವಾಮಾನ..."

"ಹವಾಮಾನ ಕೇಳಿದ್ನಾ ನಾನು? ಪೆಟ್ರೋಲ್ ಕೇಳಿದೆ. ಪೂರ್ತಿ ತುಂಬ್ಸು. ನಾಳೆ ಹತ್ತು ಗಂಟೆಗೆ ಬಾ."

ಮರುದಿನ ಹತ್ತಕ್ಕೆ ಹೋದಾಗ ಅತ್ತೆಯ ಮನೆ ಬಾಗಿಲಲ್ಲಿ ಸ್ಟುರ್ಲಾ ನಿಂತಿದ್ದ. ಅವಳ ಒಬ್ಬನೇ ಮಗ, ನನಗಿಂತ ಎಂಟು ವರ್ಷ ದೊಡ್ಡವನು, ವಿಮಾ ಕಚೇರಿಯಲ್ಲಿ ಅಧಿಕಾರಿ. ಅವನ ಮೇಜಿಗೆ ಬರುವ ಕಾರುಗಳೆಲ್ಲ ತಲೆಕೆಳಗಾದವೇ. ಹಾಗಾಗಿ ರಸ್ತೆಯ ಮೇಲೆ ನೆಟ್ಟಗೆ ಹೋಗುವ ಕಾರಿನ ಮೇಲೂ ಅವನಿಗೆ ನಂಬಿಕೆಯಿರಲಿಲ್ಲ.

"ಮಧ್ಯಾಹ್ನದ ಮೇಲೆ ಹಿಮಗಾಳಿ ಅಂತ ಹೇಳಿದಾರೆ. ಅಮ್ಮ ಹೋಗಲ್ಲ" ಅಂದ ನನ್ನ ಕಡೆ ತಿರುಗಿ.

ಅತ್ತೆ ಒಳಗಿನಿಂದ ದಪ್ಪ ಉಣ್ಣೆ ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಬಂದಳು. ಕೈಯಲ್ಲಿ ಕಾಫಿ ತುಂಬಿದ ಎರಡು ಫ್ಲಾಸ್ಕು. ಚೀಲದಲ್ಲಿ ಹೊಗೆಯಲ್ಲಿ ಒಣಗಿಸಿದ ಕುರಿಮಾಂಸ ಇಟ್ಟ ತೆಳು ರೊಟ್ಟಿ, ಎಣ್ಣೆಯಲ್ಲಿ ಕರಿದ ಕ್ಲೈನಾ ಎಂಬ ಸಿಹಿತಿಂಡಿ.

"ಯಾವ ಅಮ್ಮ ಹೋಗಲ್ವಂತೆ?" ಅಂದಳು.

"ಅಮ್ಮಾ, ಟಿವಿಯಲ್ಲಿ ಚೆನ್ನಾಗಿ ತೋರಿಸ್ತಿದಾರೆ. ಕೂತ್ಕೊಂಡು ನೋಡು."

"ಟಿವಿಗೆ ಬೈದ್ರೆ ಬೆಟ್ಟಕ್ಕೆ ಕೇಳಿಸುತ್ತೇನೋ?"

ಸ್ಟುರ್ಲಾ ದನಿ ತಗ್ಗಿಸಿದ. "ಅಲ್ಲಿ ಹೋದ್ರೂ ನಿಂಗೆ ಏನು ಕಾಣುತ್ತಮ್ಮಾ? ನನ್ನ ಮುಖಾನೇ ಕಾಣಲ್ಲ."

ಅತ್ತೆ ಕತ್ತು ಓರೆ ಮಾಡಿ ಅವನನ್ನು ಒಂದು ಗಳಿಗೆ ನೋಡಿದಳು. "ನಿನ್ನ ಮುಖ ನಲವತ್ನಾಲ್ಕು ವರ್ಷ ನೋಡಿದೀನಿ. ಅವಳದು ಒಂದ್ಸಲಾನೂ ನೋಡಿಲ್ಲ. ದಾರಿ ಬಿಡು."

ಅವನು ದಾರಿ ಬಿಟ್ಟ. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು, "ಏನಾದ್ರೂ ಆದ್ರೆ ನೀನೇ ಜವಾಬ್ದಾರಿ" ಅಂದ. ಆ ಮಾತು ಕಾರಿನಲ್ಲಿ ನನ್ನ ಜೊತೆಗೇ ಕೂತು ಬಂತು.

ರಾಜಧಾನಿಯ ಅರ್ಧ ಜನ ರಸ್ತೆಯಲ್ಲಿದ್ದರು. ಚರ್ಚಿಗೆ ಹೋಗಬೇಕಾದವರು, ಅಜ್ಜಿಮನೆಗೆ ಊಟಕ್ಕೆ ಹೋಗಬೇಕಾದವರು ಎಲ್ಲ ಪೂರ್ವಕ್ಕೆ ಹೊರಟಿದ್ದರು. ಸೆಲ್ಫೋಸ್ ಊರು ದಾಟುವವರೆಗೆ ಬಿಸಿಲಿತ್ತು. ಅತ್ತೆ ದಾರಿಯುದ್ದಕ್ಕೂ ಬೆಟ್ಟಕ್ಕೆ ಏನು ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದಳು. ಹೆಲ್ಲಾ ಬರುವ ಹೊತ್ತಿಗೆ ಬಿಸಿಲು ಹೋಗಿತ್ತು. ಇನ್ನೂ ಒಳಗೆ ಹೋದಂತೆ ಮೋಡ ಇಳಿದು ಇಳಿದು ಬೇಲಿಯ ಕಂಬಗಳ ಮೇಲೆ ಕೂತಿತು.

ಎಲ್ಲರೂ ನಿಲ್ಲಿಸಿದಲ್ಲಿ ನಾವೂ ನಿಲ್ಲಿಸಿದೆವು. ರಸ್ತೆಯ ಬದಿಗೆ ಮುನ್ನೂರು ಕಾರಾದರೂ ಇತ್ತು. ಜನ ಕ್ಯಾಮೆರಾ, ದುರ್ಬೀನು ಹಿಡಿದು ಬೂದು ಬಣ್ಣದ ಗೋಡೆಯೊಂದನ್ನು ನೋಡುತ್ತ ನಿಂತಿದ್ದರು. ಅತ್ತೆ ಇಳಿದಳು. ಗಾಳಿ ಅವಳ ಟೋಪಿ ಕಿತ್ತುಕೊಂಡಿತು. ನಾನು ಹಿಂದೆ ಓಡಿ ಹಿಡಿದು ತಂದೆ.

"ಬೆಟ್ಟ ಯಾವ ಕಡೆ ಇದೆ?" ಎಂದು ಕೇಳಿದಳು.

ಮೂವರು ಮೂರು ದಿಕ್ಕು ತೋರಿಸಿದರು.

ಮೀಸೆಯವನೊಬ್ಬ ದುರ್ಬೀನು ಇಳಿಸಿ, "ಅಜ್ಜಿ, ಹನ್ನೊಂದು ಗಂಟೆಗೆ ಎರಡು ನಿಮಿಷ ಕಾಣಿಸ್ತು. ನೀವು ಲೇಟು" ಅಂದ.

"ನಾನು ಲೇಟಲ್ಲ ಕಣಪ್ಪ. ಐವತ್ಮೂರು ವರ್ಷದಿಂದ ಸಾಲಲ್ಲಿ ನಿಂತಿದೀನಿ."

ಅರ್ಧ ಗಂಟೆ ಕಾದೆವು. ಹಿಮ ಅಡ್ಡಡ್ಡ ಬೀಸತೊಡಗಿತು. ಬೆಂಕಿ ಕಾಣಲಿಲ್ಲ, ಹೊಗೆ ಕಾಣಲಿಲ್ಲ, ಬೆಟ್ಟವೇ ಕಾಣಲಿಲ್ಲ. ಒಂದು ಗುಡುಗಿನ ಸದ್ದಾದರೂ ಕೇಳಬೇಡವೇ? ಗಾಳಿಯ ಊಳು ಬಿಟ್ಟರೆ ಏನೂ ಇಲ್ಲ. ನನಗೆ ಅಳುವೇ ಬಂತು. ಅತ್ತೆ ಬೇಲಿಯ ತನಕ ನಡೆದು ಹೋಗಿ, ಎರಡು ಕೈಯಲ್ಲಿ ತಂತಿ ಹಿಡಿದು ನಿಂತಳು. ಹೆಕ್ಲಾ ಎಂದರೆ ನಮ್ಮ ಭಾಷೆಯಲ್ಲಿ ಮುಸುಕಿನ ನಿಲುವಂಗಿ.

"ಏ ಮುಸುಕಿನವಳೇ!" ಎಂದು ಕೂಗಿದಳು. ಒಂದೂವರೆ ಶ್ವಾಸಕೋಶದಿಂದ ಅಂಥ ದನಿ ಹೇಗೆ ಬಂತೋ. "ಸ್ವಾರ್ತಬಕ್ಕಿ ಮಗಳು ಬಂದಿದೀನಿ! ನಮ್ಮಪ್ಪನ ಕುರಿ ತಿಂದೆ, ಹುಲ್ಲು ತಿಂದೆ, ಈಗ ಮುಖ ಮುಚ್ಕೊಂಡು ಕೂತಿದೀಯಾ? ನಾಚಿಕೆ ಆಗಲ್ವಾ? ಮುಸುಕು ತೆಗಿ!"

ಜನ ತಿರುಗಿ ನೋಡಿದರು. ಮೀಸೆಯವನು ನಗತೊಡಗಿದ. ಯಾರೋ ಹೆಂಗಸು ಚಪ್ಪಾಳೆ ತಟ್ಟಿ "ತೆಗಿ ಮುಸುಕು!" ಎಂದು ತಾನೂ ಕೂಗಿದಳು. ಕಾರಿನೊಳಗಿದ್ದ ಒಬ್ಬ ಹಾರ್ನ್ ಒತ್ತಿದ. ಅದನ್ನು ಕೇಳಿ ಇನ್ನೊಬ್ಬ. ಒಂದು ನಿಮಿಷದಲ್ಲಿ ಸಾಲಿಗೆ ಸಾಲೇ ಹಾರ್ನ್ ಹೊಡೆಯುತ್ತ, ಕಾಣದ ಬೆಟ್ಟವನ್ನು ಬೈಯತೊಡಗಿತು. ಇಷ್ಟು ದೂರ ಬಂದು ಏನೂ ಕಾಣದ ಸಿಟ್ಟು ಎಲ್ಲರಿಗೂ ಇತ್ತಲ್ಲ. ಅತ್ತೆ ಬೇಲಿ ಹಿಡಿದು ನಿಂತೇ ಇದ್ದಳು, ಕೆನ್ನೆ ಕೆಂಪಾಗಿತ್ತು. ಬೆಟ್ಟ ಜಗ್ಗಲಿಲ್ಲ. ಪೊಲೀಸಿನವರು ಬಂದು, ಗಾಳಿ ಜೋರಾಗುತ್ತಿದೆ, ಹಿಂದಿರುಗಿ ಎಂದು ಸಾಲನ್ನು ಕರಗಿಸಿದರು.

ದೊಡ್ಡ ರಸ್ತೆ ಮುಚ್ಚಿದೆ ಎಂದು ನಮ್ಮನ್ನೆಲ್ಲ ಥ್ರೆಂಗ್ಸ್ಲಿ ಕಣಿವೆಯ ದಾರಿಗೆ ತಿರುಗಿಸಿದರು. ಸಂಜೆ ನಾಲ್ಕೂವರೆಗೆ ಅಲ್ಲಿ ಮುಂದಿನ ಕಾರು ನಿಂತಿತು. ಅದರ ಮುಂದಿನದೂ ನಿಂತಿತ್ತು. ಐದು ನಿಮಿಷದಲ್ಲಿ ಮುಂದಿನ ಕಾರಿನ ಕೆಂಪು ದೀಪವೂ ಕಾಣದಾಯಿತು. ಹಿಮ ಮೇಲಿನಿಂದ ಬೀಳುತ್ತಿರಲಿಲ್ಲ, ಪಕ್ಕದಿಂದ ಹೊಡೆಯುತ್ತಿತ್ತು. ನೂರಾರು ಕಾರುಗಳು ಒಂದರ ಹಿಂದೆ ಒಂದು ಹೂತುಹೋಗುತ್ತಿದ್ದವು.

ನಾನು ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಕೂತಿದ್ದೆ. ಅತ್ತೆ ನನ್ನ ತೊಡೆಗೆ ಬಡಿದಳು.

"ಇಳಿ. ಹಿಂದೆ ಹೊಗೆ ಕೊಳವೆ ಮುಚ್ಚಿರುತ್ತೆ, ಹಿಮ ಕೆದರು. ಇಲ್ಲಾಂದ್ರೆ ಹೊಗೆ ಒಳಗೆ ಬಂದು ಇಬ್ಬರೂ ನಿದ್ದೆ ಹೋಗ್ತೀವಿ. ಹತ್ತತ್ತು ನಿಮಿಷಕ್ಕೆ ಇಳೀಬೇಕು."

"ನಂಗೆ ಹೆದರಿಕೆ ಆಗ್ತಿದೆ ಅತ್ತೆ."

"ನಂಗೂ ಆಗ್ತಿದೆ. ಅದನ್ನ ಬೆಟ್ಟಕ್ಕೆ ಮಾತ್ರ ಕೇಳಿಸಬೇಡ. ಇಳಿ."

ಇಳಿದೆ. ಕಾರಿನ ಮೈಯನ್ನು ತಡವುತ್ತ ಹಿಂದಕ್ಕೆ ಹೋಗಿ ಕೈಯಲ್ಲೇ ಹಿಮ ಕೆದರಿದೆ. ಮೂರನೆಯ ಸಲ ಇಳಿದಾಗ ಮುಂದಿನ ಕಾರಿನಿಂದ ಗಂಡ ಹೆಂಡತಿ ಇಬ್ಬರು ಇಳಿದು ಬರುತ್ತಿದ್ದರು. ಅವರ ಎಂಜಿನ್ ಕೆಟ್ಟು ನಿಂತಿತ್ತು. ಅವಳು ಏಳು ತಿಂಗಳ ಬಸುರಿ, ಕಾಲಲ್ಲಿ ತೆಳು ಶೂ. ಸುಮ್ಮನೆ ಒಂದು ಸುತ್ತು ಹೋಗಿ ಬರೋಣವೆಂದು ಹೊರಟವರು. ಅತ್ತೆ ಆ ಹುಡುಗಿಯನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡು, ಶೂ ಬಿಚ್ಚಿಸಿ, ಪಾದಗಳನ್ನು ತನ್ನ ಸ್ವೆಟರಿನಲ್ಲಿ ಸುತ್ತಿ ಮಡಿಲಿಗೆ ಎಳೆದುಕೊಂಡಳು. ಅದಕ್ಕಾಗಿ ತಾನೂ ಹಿಂದೆ ಹೋಗಿ ಕೂತಿದ್ದಳು. ಗಂಡ ಮುಂದೆ ನನ್ನ ಪಕ್ಕ ಬಂದ. ಒಂದು ಫ್ಲಾಸ್ಕು ಅಲ್ಲೇ ಖಾಲಿಯಾಯಿತು.

ಸ್ಟುರ್ಲಾನ ಫೋನು ಬಂತು. ಅವನ ಕೂಗು ಇಡೀ ಕಾರಿಗೆ ಕೇಳುತ್ತಿತ್ತು.

"ಎಲ್ಲಿದೀರಾ? ರೇಡಿಯೋದಲ್ಲಿ ಸಾವಿರ ಜನ ಸಿಕ್ಕಾಕೊಂಡಿದಾರೆ ಅಂತಿದಾರೆ!"

ಅತ್ತೆ ಫೋನು ಕಸಿದುಕೊಂಡಳು. "ಸಾವಿರದಲ್ಲಿ ನಾವೂ ಇಬ್ಬರು. ಚೆನ್ನಾಗಿದೀವಿ. ಮನೇಲಿ ನೆಂಟರು ಬಂದಿದಾರೆ, ಆಮೇಲೆ ಮಾತಾಡ್ತೀನಿ." ಇಟ್ಟುಬಿಟ್ಟಳು. ಬಸುರಿ ಹುಡುಗಿ ನಡುಗುತ್ತಲೇ ನಕ್ಕಳು.

ಏಳು ಗಂಟೆಯ ಹೊತ್ತಿಗೆ ಕಿಟಕಿಯ ಮೇಲೆ ಬೆಳಕು ಬಿತ್ತು. ರಕ್ಷಣಾ ದಳದವರು ದೊಡ್ಡ ಗಾಲಿಯ ಟ್ರಕ್ಕಿನಲ್ಲಿ ಬಂದಿದ್ದರು. ಬಾಗಿಲು ತೆರೆದವಳು ನಲವತ್ತರ ಗಟ್ಟಿ ಹೆಂಗಸು, ಹೆಸರು ಲೋವಿಸಾ, ಹುಬ್ಬಿನ ಮೇಲೆಲ್ಲ ಮಂಜು.

"ಎರಡು ಸೀಟಿದೆ" ಅಂದಳು. "ವಯಸ್ಸಾದವರು ಮೊದಲು. ಅಮ್ಮ, ನೀವು ಬನ್ನಿ. ಜೊತೆಗೆ ಬಸುರಿ."

"ಬಸುರೀನೂ ಅವಳ ಗಂಡನ್ನೂ ಕರ್ಕೊಂಡು ಹೋಗು" ಅಂದಳು ಅತ್ತೆ. "ಅವನ ಕಾಲೂ ಒದ್ದೆ. ನಂಗೆ ಉಣ್ಣೆ ಇದೆ, ಕಾಫಿ ಇದೆ."

"ಅಮ್ಮಾ, ನಿಮ್ಮ ಉಸಿರು ಸೀಟಿ ಹೊಡೀತಿದೆ, ನಂಗಿಲ್ಲಿಗೆ ಕೇಳುತ್ತೆ."

"ಅದು ಐವತ್ತು ವರ್ಷದಿಂದ ಹೊಡೀತಿದೆ. ನೀನು ಹೇಳ್ತಿರೋದು ಆಜ್ಞೆನೋ ಸಲಹೆನೋ?"

ಲೋವಿಸಾ ಹುಬ್ಬಿನ ಮಂಜು ಒರೆಸಿಕೊಂಡಳು. "ಸಲಹೆ."

"ಹಾಗಾದ್ರೆ ಬೇಡ. ಒಂದ್ಸಲ ನನ್ನ ಕೇಳದೆ ನನ್ನ ಮನೆ ಖಾಲಿ ಮಾಡ್ಸಿದ್ರು. ಈ ಕಾರನ್ನ ನಾನು ಬಿಡಲ್ಲ."

ಲೋವಿಸಾ ನನ್ನ ಮುಖ ನೋಡಿದಳು. ನಾನು ಸ್ಟಿಯರಿಂಗ್ ನೋಡಿದೆ. ಅತ್ತೆಯನ್ನು ಇಳಿಸಬೇಕಿತ್ತೋ ಏನೋ, ಈಗಲೂ ನನಗೆ ಗೊತ್ತಿಲ್ಲ. ಲೋವಿಸಾ ಗಂಡ ಹೆಂಡತಿಯನ್ನು ಹತ್ತಿಸಿಕೊಂಡು, "ಹಿಮ ತೆಗೆಯೋ ಗಾಡಿ ಹಿಂದೇನೇ ಬರ್ತಿದೆ. ಎಂಜಿನ್ ಆರಿಸಬೇಡಿ" ಎಂದು ನನ್ನ ಭುಜ ತಟ್ಟಿ ಹೋದಳು. ಆ ಗಾಡಿ ಬರಲು ಇನ್ನೂ ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅತ್ತೆ ಕೆಮ್ಮಿದಳು. ಕೆಮ್ಮಿನ ನಡುವೆ ಬೆಟ್ಟವನ್ನು ಬೈದಳು. ಬೈಗುಳ ಮುಗಿದಾಗ ಮಾವನನ್ನು ಬೈದಳು.

ಆ ಗಾಡಿಯ ಹಿಂದೆ ನಿಧಾನಕ್ಕೆ ರಾಜಧಾನಿ ತಲುಪಿದೆವು. ಊರಂಚಿನ ಶಾಲೆಯೊಂದರ ಹಾಲಿನಲ್ಲಿ ಬಂದವರಿಗೆಲ್ಲ ಸೂಪು ಕೊಡುತ್ತಿದ್ದರು. ಸ್ಟುರ್ಲಾ ಕಂಬಳಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಆರು ಗಂಟೆಯಿಂದ ಅಲ್ಲೇ ಇದ್ದನಂತೆ. ತಾಯಿಯ ಮೇಲೆ ಕಂಬಳಿ ಹೊದಿಸಿ, ಕತ್ತಿನವರೆಗೆ ಎಳೆದು ಸಿಕ್ಕಿಸಿದ. ಆಮೇಲೆ ಶುರುಮಾಡಿದ.

"ನೋಡಿದ್ಯಾ ಕೊನೆಗೆ? ಸಮಾಧಾನ ಆಯ್ತಾ?"

"ಇಲ್ಲ. ಏನೂ ಕಾಣಲಿಲ್ಲ."

"ಇಷ್ಟೆಲ್ಲ ಮಾಡಿ ಏನೂ ಕಾಣಲಿಲ್ಲ!"

"ಕಾಣಲಿಲ್ಲ. ಅದಕ್ಕೇ ಗುರುವಾರ ಮತ್ತೆ ಹೋಗ್ತೀನಿ."

ಹಾಲಿನಲ್ಲಿ ಸೂಪು ಕುಡಿಯುತ್ತಿದ್ದ ನಾಲ್ಕೈದು ಜನ ತಲೆ ಎತ್ತಿದರು. ಸ್ಟುರ್ಲಾ ನನ್ನ ಕಡೆ ತಿರುಗಿದ. ನನ್ನ ಮುಂದೆ ಅಂಗೈ ಚಾಚಿದ.

"ಕೀ ಕೊಡು."

ನಾನು ಕೊಟ್ಟೆ. ನನ್ನ ಕಾರಿನ ಕೀ, ನನ್ನ ಜೇಬಿನಿಂದ ತೆಗೆದು, ಎಲ್ಲರೂ ನೋಡುತ್ತಿರುವಾಗ ಅವನ ಕೈಗೆ ಹಾಕಿದೆ. ಅತ್ತೆ ಕತ್ತು ಓರೆ ಮಾಡಿ ಅದನ್ನು ನೋಡಿದಳು. ಕಾರಿನಲ್ಲಿ ಸಿಕ್ಕಿಬಿದ್ದಾಗಲೂ ನನಗೆ ಅಷ್ಟು ಚಳಿಯಾಗಿರಲಿಲ್ಲ.

ಮೂರು ದಿನ ಬಸ್ಸಿನಲ್ಲಿ ಕೆಲಸಕ್ಕೆ ಹೋದೆ. ಗುರುವಾರ ಬೆಳಿಗ್ಗೆ ಕೌಂಟರಿನ ಫೋನು ಬಂತು.

"ಸಲ್ವೋರ್, ನಾನು. ಹೆಲ್ಲಾ ಪೆಟ್ರೋಲ್ ಬಂಕಿಂದ."

"ಅಲ್ಲಿಗೆ ಹೇಗೆ ಹೋದೆ?"

"ಬಸ್ಸಿಗೆ ಚಾಲಕ ಅಂತ ಒಬ್ಬ ಇರ್ತಾನೆ, ಅವನು ಓಡಿಸ್ದ. ಇಲ್ಲಿ ಕೇತಿಲ್ ಅಂತ ಒಬ್ಬ ರೈತ ಸಿಕ್ಕಿದಾನೆ, ಸ್ವಾರ್ತಬಕ್ಕಿ ಜಾಗ ಗೊತ್ತಂತೆ. ಅಲ್ಲಿವರೆಗೂ ಬಿಡ್ತಾನೆ. ವಾಪಸ್ ಕರ್ಕೊಂಡು ಹೋಗೋಕೆ ನೀನು ಬಾ."

"ಕೀ ಸ್ಟುರ್ಲಾ ಹತ್ರ ಇದೆ ಅತ್ತೆ."

"ಕಾರು ಯಾರದು?"

"ನಂದು."

"ಮತ್ತೆ?" ಎಂದು ಫೋನು ಇಟ್ಟಳು.

ಬದಲಿಗೆ ಬಂದ ಹುಡುಗಿಗೆ ಕೌಂಟರು ಬಿಟ್ಟು ಸ್ಟುರ್ಲಾನ ಕಚೇರಿಗೆ ಹೋದೆ. ಅವನ ಎದುರು ಇಬ್ಬರು ಕೂತಿದ್ದರು. ನಾನು ಅವರ ಹಿಂದೆ ನಿಂತೆ.

"ಕೀ ಕೊಡು ಸ್ಟುರ್ಲಾ."

"ಹೊರಗೆ ಕೂತಿರು, ಬರ್ತೀನಿ."

"ಕೂರಲ್ಲ. ನನ್ನ ಕೀ ಕೊಡು."

ನನ್ನ ದನಿ ನನಗೇ ಹೊಸದು. ಜಾಗ ಬಿಟ್ಟು ಕದಲಲಿಲ್ಲ. ಕೂತಿದ್ದ ಇಬ್ಬರೂ ತಮ್ಮ ಕಾಗದಪತ್ರ ನೋಡುವವರಂತೆ ತಲೆ ಬಗ್ಗಿಸಿದರು. ಸ್ಟುರ್ಲಾ ಎದ್ದು ನನ್ನನ್ನು ಕಿಟಕಿಯ ಹತ್ತಿರ ಕರೆದ. ಎಲ್ಲಿಗೆ ಎಂದು ಕೇಳಲಿಲ್ಲ, ಗೊತ್ತಾಗಿತ್ತು.

"ಅವಳಿಗೆ ಕಾಣಲ್ಲ ಸಲ್ವೋರ್. ಮೋಡ ಪೂರ್ತಿ ಸರಿದ್ರೂ ಕಾಣಲ್ಲ. ಡಾಕ್ಟರ್ ನಂಗೆ ಹೇಳಿದಾರೆ. ನಡುವೆ ಇರೋದು ಏನೂ ಕಾಣಲ್ಲ."

"ಗೊತ್ತು. ಅವಳಿಗೂ ಗೊತ್ತು."

"ಮತ್ಯಾಕೆ ಹೋಗ್ತಾಳೆ?"

"ಒಂದ್ಸಲಾನಾದ್ರೂ ಅವಳ್ನೇ ಕೇಳಿದ್ಯಾ?"

ಅವನು ತನ್ನ ಕುರ್ಚಿಗೆ ಹಿಂದಿರುಗಿದ. ಮೇಜಿನ ಡ್ರಾಯರಿನಿಂದ ಕೀ ತೆಗೆದು ಕೊಟ್ಟ. "ಹೊಸ ವೈಪರ್ ಹಾಕ್ಸಿದೀನಿ" ಅಂದ.

ಬಂಕಿನಲ್ಲಿ ದಾರಿ ಕೇಳಿಕೊಂಡು ಹೆಲ್ಲಾ ದಾಟುವಾಗ ಮಳೆಯೂ ಹಿಮವೂ ಕಲಸಿ ಬೀಳುತ್ತಿತ್ತು. ಬೆಟ್ಟವಿರಬೇಕಾದ ಕಡೆ ಭಾನುವಾರದ ಅದೇ ಗೋಡೆ. ಕೇತಿಲ್ ತನ್ನ ಜೀಪನ್ನು ಮಣ್ಣುದಾರಿಯ ಕೊನೆಯಲ್ಲಿ ನಿಲ್ಲಿಸಿಕೊಂಡು ನನಗಾಗಿ ಕಾಯುತ್ತಿದ್ದ. ಅರವತ್ತರ ಮೆತ್ತಗಿನ ಮನುಷ್ಯ.

"ಒಳಗೆ ಕೂತ್ಕೋ ಅಂದ್ರೆ ಕೇಳಲ್ಲ" ಅಂದ. "ಒಂದು ಗಂಟೆಯಿಂದ ಮಳೇಲಿ ಅಳತೆ ಹಾಕ್ತಿದಾಳೆ."

ಬೂದಿ ಮಣ್ಣಿನ ಮೇಲೆ ಅಲ್ಲೊಂದು ಇಲ್ಲೊಂದು ಹುಲ್ಲು ಎದ್ದಿತ್ತು. ನಡುವೆ ಮನೆಯ ಅಡಿಪಾಯದ ಕಲ್ಲುಗಳು, ಕೆಲವು ಮೊಣಕಾಲೆತ್ತರ, ಕೆಲವು ನೆಲಸಮ. ಅತ್ತೆ ಕಲ್ಲಿನಿಂದ ಕಲ್ಲಿಗೆ ಕೈಯಿಟ್ಟು, ಬೆರಳಿನಿಂದ ಹುಡುಕುತ್ತ ನಡೆಯುತ್ತಿದ್ದಳು. ಕಣ್ಣನ್ನು ಬಳಸುತ್ತಲೇ ಇರಲಿಲ್ಲ. ಐವತ್ತಮೂರು ವರ್ಷದಲ್ಲಿ ಅವಳು ಒಂದು ಸಲವೂ ಇಲ್ಲಿಗೆ ಬಂದಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅಪ್ಪ ಹೆಸರೆತ್ತದ ನೆಲವನ್ನು ಮಗಳೂ ತುಳಿದಿರಲಿಲ್ಲ.

"ಬಂದ್ಯಾ? ಬಾಗಿಲಿಂದ ಬಾ" ಅಂದಳು. "ಅದು ಗೋಡೆ. ಬಾಗಿಲು ಇತ್ತ ಕಡೆ."

ಸುತ್ತಿ ಬಂದು ಎರಡು ಕಲ್ಲಿನ ನಡುವೆ ಒಳಗೆ ಕಾಲಿಟ್ಟೆ.

"ಇದು ಅಡುಗೆಮನೆ. ಒಲೆ ಇಲ್ಲಿ. ಅಪ್ಪ ಕೂರೋದು ಅಲ್ಲಿ, ಕಾಲು ಯಾವಾಗ್ಲೂ ದಾರಿಗೆ ಅಡ್ಡ. ಅಮ್ಮ ಎಡವಿ ಎಡವಿ ಬೈತಿದ್ಳು." ಮಳೆನೀರು ಅವಳ ಕೆನ್ನೆ ಮೇಲಿಂದ ಇಳಿಯುತ್ತಿತ್ತು. ಅಳುತ್ತಿದ್ದಳೋ ಏನೋ ಹೇಳಲಾಗುತ್ತಿರಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು. "ಹೆಕ್ಲಾ ಕಾಣ್ತಾ ಇದೆಯಾ?"

ನೋಡಿದೆ. "ಇಲ್ಲ ಅತ್ತೆ. ಏನೂ ಇಲ್ಲ."

"ನಂಗೂ ಇಲ್ಲ. ಕೂತ್ಕೋ, ಊಟ ಮಾಡೋಣ."

"ಕಾರಲ್ಲಿ..."

"ನಮ್ಮನೇಲಿ ಊಟ ಅಡುಗೆಮನೇಲಿ."

ಕೂತೆವು. ರೊಟ್ಟಿ ನಮ್ಮ ಕೈಯಲ್ಲೇ ನೆನೆಯಿತು. ಕೇತಿಲ್‌ನನ್ನೂ ಕರೆದಳು. ಅವನು ಬಾಗಿಲಿಂದಲೇ ಸುತ್ತಿ ಬಂದು ಅಪ್ಪನ ಜಾಗದಲ್ಲಿ ಕೂತ. ಅತ್ತೆ ಅವನ ಕಾಲನ್ನು ಪಕ್ಕಕ್ಕೆ ತಳ್ಳಿದಳು. ಅಗಿಯುತ್ತ ಅಗಿಯುತ್ತ ಅವಳು ಮೋಡದ ಕಡೆ ಒಮ್ಮೆ ಮುಖ ತಿರುಗಿಸಿದಳು. ಈ ಸಲ ಕೂಗಲಿಲ್ಲ. ಪಕ್ಕದ ಮನೆಯವಳ ಜೊತೆ ಮಾತಾಡುವಷ್ಟೇ ದನಿಯಲ್ಲಿ, "ನೋಡು, ಇಲ್ಲೇ ಕೂತು ಊಟ ಮಾಡ್ತಿದೀನಿ. ಏನ್ ಮಾಡ್ಕೋತೀಯೋ ಮಾಡ್ಕೋ" ಅಂದಳು.

ಸ್ಟುರ್ಲಾ ಫೋನು ಮಾಡಿದ. ನಾನೇ ಎತ್ತಿದೆ. "ಇನ್ನೂ ಊಟ ಆಗಿಲ್ಲ. ಮುಗಿಸ್ಕೊಂಡು ಬರ್ತೀವಿ" ಎಂದೆ. ಅವನು "ಅಲ್ಲಿ ಹೇಗಿದೆ?" ಎಂದು ಕೇಳಿದ. ಫೋನನ್ನು ಅತ್ತೆಗೆ ಕೊಟ್ಟೆ. ಅವಳು ಬಾಗಿಲು ಯಾವ ಕಡೆ, ಒಲೆ ಯಾವ ಕಡೆ ಎಂದು ಅವನಿಗೆ ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು.

ಮುಂದಿನ ವಾರ ಬೆಂಕಿ ಆರಿತು. ಆ ಚಳಿಗಾಲ ಮುಗಿದು ಇನ್ನೊಂದು ಬರುವಷ್ಟರಲ್ಲಿ ಅತ್ತೆಯ ಕಣ್ಣೂ ಹೋಯಿತು. ಆಮೇಲೆ ಒಂಬತ್ತು ವರ್ಷ ಬದುಕಿದಳು. ಹೆಕ್ಲಾ ಇವತ್ತಿನವರೆಗೆ ಮತ್ತೆ ಸಿಡಿದಿಲ್ಲ. "ಪಾಪ, ಒಂದು ಸಲವೂ ನೋಡಲಾಗಲಿಲ್ಲವಲ್ಲ" ಎಂದು ಯಾರಾದರೂ ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು.

"ಪಾಪ ಯಾಕೆ? ಎರಡು ಸಲ ಬಾಗಿಲಿಗೆ ಹೋಗಿ ಕರೆದಿದೀನಿ. ಹೊರಗೆ ಬರೋ ಧೈರ್ಯ ಇಲ್ಲದಿದ್ದದ್ದು ಅವಳಿಗೆ."

ಪ್ರತಿ ಬೇಸಿಗೆ ಒಂದು ದಿನ ಅವಳನ್ನು ಸ್ವಾರ್ತಬಕ್ಕಿಗೆ ಕರೆದುಕೊಂಡು ಹೋಗುತ್ತಿದ್ದೆವು. ಸ್ಟುರ್ಲಾ ಓಡಿಸುತ್ತಿದ್ದ, ತುಂಬಾ ನಿಧಾನವಾಗಿ. ಹವಾಮಾನ ನೋಡಿಕೊಂಡು ಹೊರಡುವ ಪದ್ಧತಿ ಮಾತ್ರ ಇರಲಿಲ್ಲ.